ದುಬೈ ಮೂಲಕ ಬಂದ ವಾರ್ಡಿನ ಸುದ್ದಿ

ಮೊನ್ನೆ ಮಗಳು ಹೊಸ ಮೌಸ್‌ಪ್ಯಾಡ್ ತಂದಳು. ಅದರ ರಬ್ಬರ್ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮಣಿಪಾಲದ ಹಳೆಯ ಸೈಬರ್ ಕೆಫೆಯೊಂದರಲ್ಲಿ ಕೂತಿದ್ದೆ. ಆ ಕಾಲದಲ್ಲಿ ನಾನು ರಾಜಕೀಯ ವಿಶ್ಲೇಷಕ. ನಗಬೇಡಿ, ಎರಡು ಸಾವಿರದ ಆರು-ಏಳರ ಹೊತ್ತಿಗೆ ಬ್ಲಾಗ್ ಇದ್ದವರೆಲ್ಲ ಏನಾದರೊಂದು ಆಗಿದ್ದರು.

ಹೊಟ್ಟೆಪಾಡಿಗೆ ಕಾಲೇಜಿನ ಕಚೇರಿಯಲ್ಲಿ ಗುಮಾಸ್ತಿಕೆ. ಸಂಜೆ ಆ ಕೆಫೆಯಲ್ಲಿ ಕೂತು ‘ನಿಷ್ಠುರವಾದಿ’ ಎಂಬ ಹೆಸರಿನಲ್ಲಿ ನಮ್ಮ ಪಂಚಾಯತಿನ ಹುಳುಕುಗಳನ್ನು ಬರೆಯುತ್ತಿದ್ದೆ. ನಮ್ಮ ಊರು ಉಡುಪಿಯಿಂದ ಕಾಪುವಿಗೆ ಹೋಗುವ ದಾರಿಯಲ್ಲಿದೆ. ಆದರೆ ನನ್ನ ಓದುಗರು ಆ ದಾರಿಯಲ್ಲಿ ಇರಲಿಲ್ಲ. ಊರಿನ ಹಳೆಯ ಕಂಪ್ಯೂಟರುಗಳಲ್ಲಿ ನನ್ನ ಕನ್ನಡ ಬರೀ ಚೌಕಗಳಾಗಿ ಕಾಣುತ್ತಿತ್ತು. ಅದು ನೆಟ್ಟಗೆ ಕಾಣುತ್ತಿದ್ದುದು ಗಲ್ಫಿನಲ್ಲಿದ್ದ ನಮ್ಮ ಊರಿನವರಿಗೆ ಮಾತ್ರ. ಅವರು ಓದಿ ಮನೆಗೆ ಫೋನ್ ಮಾಡುತ್ತಿದ್ದರು. ಹೀಗೆ ತಮ್ಮ ಮನೆಯೆದುರಿನ ಮೋರಿ ಕುಸಿದದ್ದನ್ನು ಅಬುಧಾಬಿಯಿಂದ ತಿಳಿದುಕೊಂಡವರು ನಮ್ಮಲ್ಲಿದ್ದರು. ನಾನು ಇದನ್ನು ಪ್ರಭಾವ ಎಂದು ಕರೆದುಕೊಂಡೆ.

ಒಂದು ಮಾರ್ಚ್‌ನಲ್ಲಿ ಗಂಗವ್ವ ಗೇಟಿನ ಬಳಿ ಬಂದು ನಿಂತಳು. ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ನಮ್ಮ ರಸ್ತೆಯ ಕೊನೆಯ ಶೆಡ್ಡಿನಲ್ಲಿದ್ದವಳು. ಕಂಕುಳಲ್ಲಿ ಖಾಲಿ ಕೊಡ, ಪಕ್ಕದಲ್ಲಿ ಮಗಳು.

“ನಳಾ ಬಂದಾಗಿ ಎಂಟ್ ದಿನಾ ಆತ್ರೀ ಯಪ್ಪಾ. ನೀರಿಗೆ ಭಾಳ ತ್ರಾಸ ಆಗೇತಿ.”

ನಾನು ಒಳಗೆ ಓಡಿ ನೋಟ್‌ಬುಕ್ ತಂದೆ. ಎಷ್ಟು ದೂರ ನಡೆಯುತ್ತಾಳೆ, ಮಗಳು ಶಾಲೆ ಬಿಟ್ಟು ಎಷ್ಟು ದಿನವಾಯಿತು, ಎಲ್ಲ ಕೇಳಿ ಬರೆದುಕೊಂಡೆ. ಅವಳು ಉತ್ತರ ಹೇಳುತ್ತ ನನ್ನ ಹೆಗಲ ಮೇಲಿಂದ ಹಿಂದೆ ನೋಡುತ್ತಿದ್ದಳು. “ಸ್ವಲ್ಪ ತಾಳ್ಮೆ ಇರಲಿ, ಬರೆಯುತ್ತೇನೆ” ಎಂದು ಕಳಿಸಿದೆ. ಲೇಖನದಲ್ಲಿ ‘ಅವಳ ಕಣ್ಣು ದೂರದ ಭರವಸೆಯೊಂದನ್ನು ಹುಡುಕುತ್ತಿತ್ತು’ ಎಂಬ ವಾಕ್ಯವೂ ಬಂತು. ಅದು ನನಗೆ ಬಹಳ ಹಿಡಿಸಿತ್ತು.

ನಳ್ಳಿ ನಿಲ್ಲಿಸಿದ್ದರ ಹಿಂದಿನ ಪಿತೂರಿಯನ್ನು ಮೂರು ಕಂತುಗಳಲ್ಲಿ ಬಯಲಿಗೆಳೆದೆ. ಮೂರು ಕಂತಿಗೆ ಎರಡು ವಾರ ಹಿಡಿಯಿತು. ಮೂರನೆಯದು ಪ್ರಕಟವಾದ ಮರುದಿನ ವಾರ್ಡಿನ ಸದಸ್ಯ ಸಂಜೀವಣ್ಣ ಮನೆಗೆ ಬಂದರು. ನಮ್ಮ ಕಂಪೌಂಡ್ ಗೋಡೆಯ ಆಚೆಯೇ ಅವರ ಮನೆ.

“ಎಂತ ಮಾರಾಯ್ರೆ, ದುಬೈಯಿಂದ ತಮ್ಮ ಫೋನ್ ಮಾಡಿ ಬೈದ. ಪಂಪಿನ ಮೋಟಾರು ಸುಟ್ಟು ರಿಪೇರಿಗೆ ಕಾರ್ಕಳಕ್ಕೆ ಹೋಗಿತ್ತು, ನಿನ್ನೆ ಬಂತು. ಶೆಡ್ಡಿನವರಿಗೆ ಬೇರೆ ನೀರಿಲ್ಲ ಎಂಬುದು ನನಗೆ ಗೊತ್ತೇ ಇರಲಿಲ್ಲ. ಗೋಡೆಯ ಮೇಲಿಂದ ಒಂದು ಮಾತು ಹೇಳಿದ್ದರೆ ಸಾಕಿತ್ತು, ಅಲ್ವಾ?”

ಬರೆದದ್ದು ನಾನೇ ಎಂದು ಹೇಗೆ ಗೊತ್ತಾಯಿತೆಂದು ಕೇಳಿದೆ.

“ಶೆಡ್ಡಿಗೆ ಹೋಗಿ ಕೇಳಿ ಬಂದೆ. ನೀರು ಕೇಳಲು ಬಂದವಳನ್ನು ನಿಲ್ಲಿಸಿ ಬರೆದುಕೊಂಡವರು ಊರಲ್ಲಿ ನೀವೊಬ್ಬರೇ. ನಿಮ್ಮ ಬಾವಿಯಲ್ಲಿ ನೀರು ಉಂಟಲ್ಲ?”

“ಉಂಟು” ಎಂದೆ. ಗೇಟಿಗೆ ನೇರ ಎದುರಾಗಿ, ನಾನು ಅಂದು ನಿಂತಿದ್ದ ಜಾಗದ ಹಿಂದೆಯೇ ಬಾವಿ. ಅದರಲ್ಲಿ ಎಂಥ ಬೇಸಿಗೆಗೂ ಮೂರು ಸಿಮೆಂಟ್ ರಿಂಗಿನಷ್ಟು ನೀರು ನಿಲ್ಲುತ್ತದೆ.

ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಆಗಿಲ್ಲ. ಶೆಡ್ಡಿಗೆ ಹೋದೆ. ನಳ್ಳಿ ಬಂದಿತ್ತು. ಮಗಳು ಮಾತ್ರ ಶಾಲೆಗೆ ಹೋಗಿರಲಿಲ್ಲ, ಅವಳು ನೀರು ಹೊರುವಷ್ಟರಲ್ಲಿ ಪರೀಕ್ಷೆ ಮುಗಿದುಹೋಗಿತ್ತು. ಗಂಗವ್ವ ಬೈಯಲಿಲ್ಲ, “ಚಾ ಕುಡೀರಿ” ಎಂದಳು. ಬೈದಿದ್ದರೆ ಒಳ್ಳೆಯದಿತ್ತು.

ಈಗಲೂ ಬರೆಯುತ್ತೇನೆ, ಚಟ ಬಿಡಬೇಕಲ್ಲ. ಆದರೆ ಕೂರುವ ಮೊದಲು ಒಮ್ಮೆ ಹೊರಗೆ ಹೋಗಿ ಗೇಟಿನಲ್ಲಿ ಯಾರಾದರೂ ನಿಂತಿದ್ದಾರೆಯೇ ಎಂದು ನೋಡಿ ಬರುತ್ತೇನೆ. ಹೆಂಡತಿ ಇದನ್ನು ಸೋಮಾರಿತನ ಎನ್ನುತ್ತಾಳೆ.