ಮೂರನೆಯ ಲೋಟ

ಟಣ್, ಟಣ್, ಟಣ್. ತೊಂಬತ್ತರ ದಶಕದ ಒಂದು ಶನಿವಾರ ಅಮೆರಿಕದ ಸ್ಟರ್ಲಿಂಗ್‌ನಲ್ಲಿ, ನಮ್ಮ ಮನೆಮುಂದಿನ ಡ್ರೈವ್‌ವೇಯಲ್ಲಿ ಕೇಳಿದ ಆ ಸುತ್ತಿಗೆಯ ಸದ್ದು ಇನ್ನೂ ಕಿವಿಯಲ್ಲಿದೆ. ನಮ್ಮ ಹಳೆಯ ವ್ಯಾನಿನ ಶಾಕ್ ಅಬ್ಸಾರ್ಬರ್ ಬೋಲ್ಟುಗಳು ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪಿನಿಂದ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಯಜಮಾನರ ಆಫೀಸಿನ ಎಂಜಿನಿಯರ್ ಮಂಜುನಾಥ್ ಬೆಳಗಿನಿಂದ ವ್ಯಾನಿನಡಿ ಮಲಗಿ, ಎಣ್ಣೆ ಬಿಟ್ಟು, ಬಡಿದು ಬಡಿದು ಸಡಿಲಿಸುತ್ತಿದ್ದರು. ಕೊನೆಯ ಬೋಲ್ಟ್ ಕಿರ್ರೆಂದು ಹೊರಬಂದಾಗ ಅವರ ಬೆರಳ ಗೆಣ್ಣುಗಳು ಸುಲಿದಿದ್ದವು.

"ಇದೆಲ್ಲ ಎಲ್ಲಿ ಕಲಿತ್ರಿ?" ಎಂದೆ.

"ಅಪ್ಪಂದು ಮೈಸೂರಲ್ಲಿ ಗ್ಯಾರೇಜ್ ಆಂಟಿ. ನಾನು ಬೆಳೆದಿದ್ದೇ ಲಾರಿ ಕೆಳಗೆ!" ಎಂದು ನಕ್ಕರು.

ಅಷ್ಟಕ್ಕೆ ಸುಮ್ಮನಿರದೆ, "ನೀವು ಯಾವ ಪೈಕಿ?" ಎಂದು ಕೇಳಿಬಿಟ್ಟೆ. ಅವರು ಮುಚ್ಚಿಡದೆ ಜಾತಿ ಹೇಳಿದರು.

ಅವರು ಸೋಪು ಹಚ್ಚಿ ಕೈ ತೊಳೆದು ಬರುವಷ್ಟರಲ್ಲಿ, ಮೂರು ಸ್ಟೀಲ್ ಲೋಟಗಳಿಗೆ ಬಗ್ಗಿಸಿಟ್ಟಿದ್ದ ಕಾಫಿಯಲ್ಲಿ ಮೂರನೆಯದನ್ನು ಪೇಪರ್ ಕಪ್ಪಿಗೆ ಸುರಿದಿದ್ದೆ. ಕಾನ್ವೆಂಟಿನಲ್ಲಿ ಓದಿದ ನಾನು ವೆರಿ ಬ್ರಾಡ್‌ಮೈಂಡೆಡ್ ಎಂದು ಅಲ್ಲಿಯವರೆಗೂ ನಂಬಿದ್ದೆ.

ಮಂಜುನಾಥ್ ನನ್ನ ಮತ್ತು ಯಜಮಾನರ ಕೈಯಲ್ಲಿದ್ದ ಲೋಟಗಳನ್ನು ನೋಡಿದರು, ತಮ್ಮ ಕಪ್ಪನ್ನೂ ನೋಡಿದರು. ಕುಡಿದು ಎದ್ದು, "ನಾನೇ ಟ್ರ್ಯಾಶ್‌ಗೆ ಹಾಕ್ತೀನಿ ಆಂಟಿ. ನೀವು ಮುಟ್ಟಬೇಡಿ" ಎಂದರು.

ಅವರನ್ನು ಕೊನೆಯ ಸಲ ನೋಡಿದ್ದು ಆ ವರ್ಷದ ಯುಗಾದಿಗೆ, ಎಲ್ಲರೂ ಒಂದೊಂದು ಅಡುಗೆ ಮಾಡಿ ತರುವ ಪಾಟ್‌ಲಕ್‌ನಲ್ಲಿ. ಮನೆಯಿಂದಲೇ ಒಯ್ದಿದ್ದ ಸ್ಟೀಲ್ ಲೋಟದಲ್ಲಿ ಕಾಫಿ ಹಿಡಿದು ಹತ್ತಿರ ಹೋದೆ. ಸಾರಿ ಎನ್ನುವ ಬದಲು ಲೋಟವನ್ನೇ ಮುಂದೆ ಚಾಚಿದೆ. "ಕಾಫಿ ಬಿಟ್ಬಿಟ್ಟೆ ಆಂಟಿ" ಎಂದು ನಗುತ್ತಲೇ ಹೇಳಿ, ವ್ಯಾನ್ ಚೆನ್ನಾಗಿ ಓಡುತ್ತಿದೆಯೇ ಎಂದು ವಿಚಾರಿಸಿದರು.