ನೆಗಡಿ ಬಂದಾಗ ಹಾಡು ಕಟ್ಟಿದವನು

ಸಂಗೀತ ಕಚೇರಿಯಲ್ಲಿ ಕೂತು ತಾಳ ಹಾಕುವುದು ತಪ್ಪೆಂದು ನನಗೆ ಗೊತ್ತಾದದ್ದು ಎಪ್ಪತ್ತಾರನೆಯ ವಯಸ್ಸಿನಲ್ಲಿ. ಮೈಸೂರಿನಲ್ಲಿ ತಾಳ ಹಾಕದೆ ಕೂತರೆ ನಿದ್ದೆ ಹೋದಳೆಂದುಕೊಳ್ಳುತ್ತಾರೆ. ಲಂಡನ್ನಿನಲ್ಲಿ ನನ್ನ ಬಳೆ ಸದ್ದಿಗೆ ಮುಂದಿನ ಸಾಲಿನ ಮುದುಕ ಎರಡು ಸಲ ತಿರುಗಿ ನೋಡಿದ. ಬಳೆಗಳನ್ನು ಮೇಲೇರಿಸಿ ಸ್ವೆಟರ್ ಎಳೆದುಕೊಂಡೆ. ತಾಳ ಬಿಡಲಿಲ್ಲ.

ಬಾರಿಸುತ್ತಿದ್ದವರೆಲ್ಲ ಡಾಕ್ಟರುಗಳು, ರಜೆ ಸಿಕ್ಕಾಗ ಸೇರುವವರು. ಅವರಲ್ಲಿ ನನ್ನ ಮೊಮ್ಮಗಳು ವಿಭಾ, ಆಳೆತ್ತರದ ಪಿಟೀಲಿನಂಥ ಚೆಲ್ಲೋ ಹಿಡಿದು ಕೂತಿದ್ದಳು. ಸ್ಟ್ಯಾನ್ಮೋರಿನ ಮನೆಯಿಂದ ಬರುವಾಗ ಟ್ಯೂಬ್ ರೈಲಿನಲ್ಲೇ ಹೇಳಿದ್ದಳು: "ಇದೇ ಲಾಸ್ಟ್, ಅಜ್ಜಿ. ಟೈಮೇ ಇಲ್ಲ. ಚೆಲ್ಲೋ ಯಾರಿಗಾದ್ರೂ ಕೊಟ್ಟುಬಿಡ್ತೀನಿ." ಎಂಟನೇ ವಯಸ್ಸಿನಿಂದ ಅವಳ ಚೆಲ್ಲೋದ ಗೊರಗೊರ ಸಹಿಸಿದವಳು ನಾನು. ಇಂಪಾಗುವ ಹೊತ್ತಿಗೆ ಬಿಡುತ್ತಾಳಲ್ಲ ಎಂದು ಸಿಟ್ಟು ಬಂತು.

ಅಂದು ಬಾರಿಸಿದ್ದು ರಷ್ಯಾದವನೊಬ್ಬನ ಕೃತಿ. ನಾಲ್ಕನೇ ಕ್ಲಾಸಿಗೇ ಓದು ಬಿಟ್ಟ ನನಗೆ ಸಿಂಫನಿ ಏನು ಗೊತ್ತು? ಆದರೆ ನಡುವೆ ಒಂದು ರಾಗ ಬಂತು ನೋಡಿ, ರಾಗಿ ಬೀಸುತ್ತ ನಮ್ಮಮ್ಮ ಹಾಡುತ್ತಿದ್ದಂತೆ ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತಿತ್ತು. ಯಾರೇ ಇವನು ಎಂದು ಮನೆಗೆ ಬಂದು ವಿಭಾಳನ್ನು ಕೇಳಿದೆ. ನೂರೈವತ್ತು ವರ್ಷದ ಹಿಂದೆ ರಷ್ಯಾದ ದೊಡ್ಡ ಮನುಷ್ಯರಿಗೆ ಪರದೇಶದ್ದೇ ಸಂಗೀತವಂತೆ. ಇವನೂ ನಾಲ್ವರು ಗೆಳೆಯರೂ, ನಮ್ಮ ಹಳ್ಳಿಯವರು ಹಾಡುವುದೇನು ಕಡಿಮೆ ಎಂದು ಅದನ್ನೇ ಪಿಟೀಲುಗಳಿಗೆ ಏರಿಸಿದರಂತೆ. ಭೇಷ್ ಎಂದೆ. ನಮ್ಮಮ್ಮನ ಹಾಡನ್ನು ಯಾರೂ ಬರೆದಿಡಲಿಲ್ಲ. ನಾನಂತೂ ಬೀಸಲು ಕರೆಯುತ್ತಾಳೆಂದು ಓಡಿಹೋಗುತ್ತಿದ್ದೆ.

ಅವನೂ ಡಾಕ್ಟರಿಕೆ ಓದಿದವನಂತೆ. ಆಮೇಲೆ ರಸಾಯನಶಾಸ್ತ್ರದ ಮೇಷ್ಟರು. ಹೆಣ್ಣುಮಕ್ಕಳೂ ಡಾಕ್ಟರಿಕೆ ಕಲಿಯಲೆಂದು ಓಡಾಡಿದ. ಮನೆ ತುಂಬ ಬೆಕ್ಕು, ನೆಂಟರು. ಸಂಗೀತಕ್ಕೆ ಸಿಗುತ್ತಿದ್ದದ್ದು ರಜೆ ದಿನ, ಇಲ್ಲವೇ ನೆಗಡಿಯಾಗಿ ಮನೆಯಲ್ಲಿ ಕೂತ ದಿನ. ಇವನಿಗೆ ಕಾಯಿಲೆ ಬರಲಿ ಎಂದೇ ಗೆಳೆಯರು ಹಾರೈಸುತ್ತಿದ್ದರಂತೆ. ಹಾಡಿನ ನಾಟಕವೊಂದನ್ನು ಅರ್ಧಕ್ಕೇ ಇಟ್ಟು ಸತ್ತ, ಗೆಳೆಯರು ಮುಗಿಸಿದರು. ಮುಗಿಸದಿದ್ದರೇನು, ಕೈಬಿಟ್ಟಿರಲಿಲ್ಲವಲ್ಲ.

"ಅವನಿಗೂ ಪುರಸೊತ್ತಿರ್ಲಿಲ್ಲ, ನಿನಗೂ ಇಲ್ಲ. ಮತ್ತೇನೇ ನಿಂದು?" ಎಂದೆ.

"ಅವನು ಜೀನಿಯಸ್, ಅಜ್ಜಿ," ಎಂದು ಮಲಗಲು ಹೋದಳು. ಮರುದಿನ ಚೆಲ್ಲೋ ಪೆಟ್ಟಿಗೆ ಬಾಗಿಲ ಬಳಿ ನಿಂತಿತ್ತು, ಯಾರಿಗೋ ಕೊಡಲೆಂದು. ಅವಳು ಆಸ್ಪತ್ರೆಗೆ ಹೋದಮೇಲೆ ಅದನ್ನು ನನ್ನ ಕೋಣೆಗೆ ಎಳೆದುಕೊಂಡೆ. ಕೇಳಿದವರಿಗೆ, ನನ್ನ ಸೀರೆ ಒಣಹಾಕಲು ಬೇಕು ಎಂದೆ.

ಹೋದ ವಾರ ವಿಭಾಳಿಗೆ ನೆಗಡಿ ಬಂತು. ಎರಡು ದಿನ ಮನೆಯಲ್ಲೇ ಇದ್ದಳು. ಬೇಗ ವಾಸಿಯಾಗಲೆಂದು ನನ್ನ ಮಗ, ಅವಳ ಅಪ್ಪ, ಕಷಾಯ ಕಾಸಲು ಹೇಳಿದ. ಒಲೆಯ ಮೇಲೆ ಶುಂಠಿ ನೀರು ಇಟ್ಟಿದ್ದೆ, ಅಷ್ಟರಲ್ಲಿ ನನ್ನ ಕೋಣೆಯಿಂದ ಗೊರಗೊರ ಕೇಳಿಸಿತು.

ಒಲೆ ಆರಿಸಿದೆ. ಇನ್ನೊಂದು ದಿನ ಸೀನಲಿ.