ಚರಗಕ್ಕೆ ಓಗೊಟ್ಟವಳು

ನಾನು ಗಜೇಂದ್ರಗಡದ ಮಗ್ಗದ ಮನೆಯವಳು. ಸೀರೆಯ ಅಂಚು ನೋಡಿ ಅದು ಯಾರ ಕೈಯ ನೇಯ್ಗೆಯೆಂದು ಹೇಳಬಲ್ಲೆ. ಹೊಲದ ವಿಷಯಕ್ಕೆ ಬಂದರೆ, ಮದುವೆಯಾಗಿ ಸೂಡಿಗೆ ಬರುವತನಕ ಬಿಳಿಜೋಳಕ್ಕೂ ಗೋವಿನಜೋಳಕ್ಕೂ ವ್ಯತ್ಯಾಸ ಗೊತ್ತಿರಲಿಲ್ಲ. ಚಳಿಗಾಲದ ಎಳ್ಳ ಅಮಾವಾಸ್ಯೆಯಂದು ಭೂಮಿತಾಯಿಗೆ ಉಣ್ಣಿಸುತ್ತಾರೆ ಎಂದಾಗ, ಮಣ್ಣು ಯಾವ ಬಾಯಿಂದ ಉಣ್ಣುತ್ತದೆ ಎಂದು ಗಂಡನನ್ನು ಕೆಣಕಿದವಳು ನಾನು.

ಆ ವರ್ಷ ಕೆಣಕುವ ಧೈರ್ಯ ಇರಲಿಲ್ಲ. ಎರಡು ಸಲ ಬಸಿರು ನಿಲ್ಲದೆ ಹೋಗಿ, ಮೂರನೆಯದಕ್ಕೆ ಆರು ತಿಂಗಳು ತುಂಬಿತ್ತು. ಇದೂ ಹೋದರೆ ಮತ್ತೊಂದನ್ನು ಆಸೆಪಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಹೊಲದ ಜೋಳವೂ ಹೊಡೆಯಲ್ಲಿತ್ತು, ತೆನೆ ಇನ್ನೂ ಗರಿಯೊಳಗೇ ಇತ್ತು. ನಮ್ಮ ಕಡೆ ಅದನ್ನು ಭೂಮಿಯ ಬಸಿರೆಂದೇ ಎಣಿಸುತ್ತಾರೆ. ಅಂದಿನ ಊಟ ಅವಳ ಬಯಕೆಯ ಊಟ.

ಪ್ರತಿವರ್ಷ ಮಾವ ಮುಂದೆ ನಡೆಯುತ್ತ 'ಹುಲ್ಲುಲ್ಲಿಗೋ' ಎಂದು ಕೂಗಿ, ಅನ್ನ, ಕಡಬು, ರೊಟ್ಟಿಯ ತುಣುಕು ಬೆರೆಸಿದ ಚರಗವನ್ನು ಬೆಳೆಗೆ ಚೆಲ್ಲುತ್ತಿದ್ದರು. ಅತ್ತೆ ತಂಬಿಗೆಯಿಂದ ನೀರು ಚಿಮುಕಿಸುತ್ತ ಹಿಂದಿನಿಂದ 'ಚಲ್ಲಂಬ್ರಿಗೋ' ಎಂದು ಓಗೊಡುತ್ತಿದ್ದರು. ಚೆಲ್ಲುವವರು ಮಾತ್ರ ಹಿಂತಿರುಗಿ ನೋಡಬಾರದು. ತಾಯಿ ಉಣ್ಣುತ್ತ ಹಿಂದೆಯೇ ಬರುತ್ತಾಳೆ, ಉಣ್ಣುವವಳ ಮುಖ ನೋಡುವುದು ತಪ್ಪು.

ಆ ಸಲ ಮಾವನಿಗೆ ಜ್ವರ. ಗಂಡ ನಮ್ಮಿಬ್ಬರನ್ನು ಆಟೋದಲ್ಲಿ ಹೊಲಕ್ಕೆ ಬಿಟ್ಟು ಔಷಧಿ ತರಲು ಹೋದ. ಅತ್ತೆ ನನ್ನನ್ನು ಬನ್ನಿಮರದ ಕೆಳಗೆ, ಪೂಜೆಗೆಂದು ಸುಣ್ಣ ಹಚ್ಚಿದ ಐದು ಕಲ್ಲುಗಳ ಪಕ್ಕ ಕೂರಿಸಿ, ಅಲ್ಲಿಂದ ಏಳಕೂಡದೆಂದು ತಾಕೀತು ಮಾಡಿದರು. ಕೂಗುವುದು, ಓಗೊಡುವುದು ಎರಡನ್ನೂ ತಾನೇ ಮಾಡುತ್ತೇನೆಂದು ಬುಟ್ಟಿ ಹೊತ್ತು ಜೋಳದೊಳಗೆ ಹೋದರು.

ಹೊತ್ತು ನೆತ್ತಿಯ ಮೇಲಿತ್ತು. ಅತ್ತೆ ಕಾಣುತ್ತಿರಲಿಲ್ಲ, ಕೂಗು ಮಾತ್ರ ಕೇಳಿತು. ಅದರ ಬೆನ್ನಿಗೇ ಓಗೊಟ್ಟ ದನಿ ಅತ್ತೆಯದಾಗಿರಲಿಲ್ಲ. ಹರೆಯದ ಹೆಂಗಸಿನ ದನಿ ಅದು. ಫೋನಿನಲ್ಲಿ ರೆಕಾರ್ಡ್ ಆದ ನಮ್ಮದೇ ದನಿ ಕೇಳಿದಾಗ ಆಗುತ್ತದಲ್ಲ, ಅಂಥ ಇರುಸುಮುರುಸಾಯಿತು. ಪಕ್ಕದ ಹೊಲದವಳು ಯಾರೋ ಎಂದು ಸಮಾಧಾನ ಮಾಡಿಕೊಂಡೆ. ಪಕ್ಕದ ಹೊಲದವರು ಆಗಲೇ ಊಟ ಮುಗಿಸಿ ಹೊರಟುಹೋಗಿದ್ದರು.

ಆ ದನಿ ನಾಲ್ಕು ಸಲ ಓಗೊಟ್ಟ ಮೇಲೆ ಅತ್ತೆಯ ಕೂಗು ನಿಂತಿತು. ಅರ್ಧ ಚರಗ ಬುಟ್ಟಿಯಲ್ಲಿ ಹಾಗೇ ಇಟ್ಟುಕೊಂಡು ಬಂದರು. ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಕೇಳಿದರು: "ಎದ್ದಿದ್ದೇನವಾ?" ಇಲ್ಲವೆಂದೆ. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ.

ಅಂದಿನಿಂದ ಅವರು ನನ್ನನ್ನು ಒಂಟಿಯಾಗಿ ಬಿಡಲಿಲ್ಲ. ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಲ್ಲುವರು. ಹೆರಿಗೆಗೆ ತವರಿಗೂ ಕಳಿಸಲಿಲ್ಲ. ನಿದ್ದೆಯಲ್ಲಿದ್ದಾಗ ಹೊಟ್ಟೆ ಮುಟ್ಟಿ ನೋಡುವರು. ಇದೇನು ಪೊಲೀಸರ ಕಾವಲೋ ಎಂದು ಅವ್ವನಿಗೆ ಫೋನ್ ಮಾಡಿ ಬೈದುಕೊಂಡೆ. ಅತ್ತೆ ಸೊರಗಿ ಕಡ್ಡಿಯಾಗಿದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ದಿನ ತುಂಬಿ ಹೆರಿಗೆಯಾಯಿತು. ದವಾಖಾನೆಯ ಮಂಚದ ಮೇಲೆ ನನ್ನ ಮಗ್ಗುಲಲ್ಲಿ ಮಗಳು ಅಳತೊಡಗಿದಾಗ ಅತ್ತೆಯೂ ಅತ್ತರು. ಅಮಾವಾಸ್ಯೆಯಂದು ತಾನು ಹಿಂತಿರುಗಿ ನೋಡಿದ್ದನ್ನು ಆಗ ಹೇಳಿದರು. ನಾನೇ ಎದ್ದು ಬಂದಿದ್ದೇನೆಂದು ತಿಳಿದು ಬೈಯಲು ತಿರುಗಿದ್ದರಂತೆ.

"ಹಿಂದ ನೀನ ನಿಂತಿದ್ದಿ. ಅದ ಸೀರಿ, ಅದ ಮಾರಿ. ಹೊಟ್ಟಿ ಮಾತ್ರ ಇದ್ದಿಲ್ಲ."

ಇಷ್ಟು ದಿನ ಮುಚ್ಚಿಟ್ಟರಲ್ಲ ಎಂದು ಮೊದಲು ಸಿಟ್ಟೇ ಬಂತು. ನಾನು ಹೊರಬೇಕಿದ್ದ ಹೆದರಿಕೆಯನ್ನು ಮೂರು ತಿಂಗಳು ಈ ಮುದುಕಿ ಒಬ್ಬಳೇ ಹೊತ್ತಿದ್ದಳೆಂದು ಹೊಳೆದದ್ದು ಆಮೇಲೆ. ಆ ನಿಂತವಳ ಕೈಯಲ್ಲಿ ಕೂಸು ಇತ್ತೇ ಎಂದು ಕೇಳಿದೆ.

ಅತ್ತೆ ಮಗಳ ಕಾಲಿಗೆ ಬಟ್ಟೆ ಎಳೆದು ಮುಚ್ಚಿದರು.

"ಸೆರಗಿನ್ಯಾಗ ಏನೋ ಮುಚ್ಚಿ ಹಿಡಿದಿದ್ದಿ. ಜೀಂವ ಇದ್ದದ್ದೋ ಇಲ್ಲದ್ದೋ ನೋಡಾಕ ಎದಿ ಆಗಲಿಲ್ಲವಾ. ಮಾರಿ ಹೊಳ್ಳಿಸಿಬಿಟ್ಟೆ."